ಎಲ್ಲರಿಗೂ ಒಂದೇ ಪತ್ರ

ಹೊಟ್ಟೆಯೊಳಗೆ ಗುಟ್ಟು ಇಟ್ಟುಕೊಳ್ಳಬಲ್ಲವಳು ಎಂಬ ಹೆಸರೇ ವಿಗ್ ಅಂಗಡಿಯ ಅಕ್ಕನ ಬಂಡವಾಳ. ಅಂಗಡಿಗೆ ಬರಲು ಒಂದು ಬಾಗಿಲು, ಹೋಗಲು ಇನ್ನೊಂದು. ಒಬ್ಬರ ತಲೆ ಇನ್ನೊಬ್ಬರ ಕಣ್ಣಿಗೆ ಬೀಳಬಾರದು. ದಾರಿಯಲ್ಲಿ ಗಿರಾಕಿಗಳು ಎದುರಾದರೆ ಅವಳು ತಾನಾಗಿ ಮಾತಾಡಿಸಿದ್ದೇ ಇಲ್ಲ. ಅವರಲ್ಲೊಬ್ಬರು ಟೀಚರ್. ಕಾಯಿಲೆಯ ಸುದ್ದಿ ಶಾಲೆಗೆ ತಿಳಿದರೆ ಮಕ್ಕಳು ಕನಿಕರಪಡುತ್ತಾರೆ, ಅದೊಂದು ಬೇಡ ಎಂದು ಅಕ್ಕನ ಕೈ ಹಿಡಿದು ಹೇಳಿದ್ದರು.

ಅಂಥವಳಿಗೆ ಯಾಕೆ ಈ ಬುದ್ಧಿ ಬಂತೋ! ವಿಗ್ ಸಿದ್ಧವಾದಾಗ ತಿಳಿಸಲೆಂದು ಗಿರಾಕಿಗಳು ಕೊಟ್ಟಿದ್ದ ಇಮೇಲ್ ವಿಳಾಸಗಳನ್ನೆಲ್ಲ ಗುಡ್ಡೆಹಾಕಿ, ಹಳೇ ವಿಗ್ ತಂದರೆ ಹೊಸದಕ್ಕೆ ರಿಯಾಯಿತಿ ಎಂದು ಎಲ್ಲರಿಗೂ ಒಂದೇ ಪತ್ರ ಕಳಿಸಿದಳು. ಕಳಿಸಲೇ ಎಂದು ಯಾರನ್ನೂ ಕೇಳಲಿಲ್ಲ. ವಿಳಾಸಗಳನ್ನು ಮರೆಯಾಗಿಡುವ ಜಾಗ ಬೇರೆಯೇ ಇದೆ ಎಂಬುದೂ ಗೊತ್ತಿರಲಿಲ್ಲ. ಮೇಲಿನ ಸಾಲಿನಲ್ಲೇ, ಎಲ್ಲರಿಗೂ ಕಾಣುವಂತೆ, ಸುರಿದುಬಿಟ್ಟಳು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು.

ನನ್ನ ಹೆಸರು ತೆಗೆಯಿರಿ ಎಂದು ಒಬ್ಬರು ಬರೆದರು. ಅದೂ ಎಲ್ಲರಿಗೂ ಹೋಯಿತು. ಇನ್ನೊಬ್ಬರು ಬಾಯಿಗೆ ಬಂದಂತೆ ಬೈದರು. ದೂರುಗಳು ಹೆಚ್ಚಾಗಿ ಅವಳ ಇಮೇಲ್ ಖಾತೆಯೇ ಬಂದ್ ಆಯಿತು, ಆಮೇಲೆ ಒಬ್ಬರ ವಕೀಲರಿಂದ ನೋಟಿಸೂ ಬಂತು. ಕಂಪ್ಯೂಟರಿನ ತಪ್ಪು ಅಂತ ಹೇಳಿಬಿಡು ಎಂದ ಅವಳ ತಮ್ಮ. ರಿಯಾಯಿತಿಯ ಆಸೆ ಕಂಪ್ಯೂಟರಿಗೆ ಇತ್ತೇನೋ ಎಂದು ಅವಳು ಅವನ ಬಾಯಿ ಮುಚ್ಚಿಸಿದಳು. ಕ್ಷಮೆ ಕೇಳಿ ಬರೆಯೋಣವೆಂದರೆ ಅದಕ್ಕೂ ಅದೇ ವಿಳಾಸಗಳು ಬೇಕು. ಎಲ್ಲವನ್ನೂ ಅಳಿಸಿಹಾಕಿದಳು. ಆದರೂ ನಾಚಿಕೆ ಹೋಗಲಿಲ್ಲ.

ಒಂದು ದಿನ ಟೀಚರ್ ಬಂದರು. ಅಕ್ಕ ಬೈಸಿಕೊಳ್ಳಲು ಸಿದ್ಧಳಾಗಿ ನಿಂತಳು, ಬೈದರೆ ಎಷ್ಟೋ ಹಗುರಾಗುತ್ತಿತ್ತು. ಟೀಚರ್ ಸುಮ್ಮನೆ ಕನ್ನಡಿಯ ಮುಂದೆ ಕೂತು, ವಿಗ್ ತೆಗೆದು, ತೊಳೆದುಕೊಡಿ ಎಂದು ಅವಳ ಕೈಗಿಟ್ಟರು. ಈ ಕೆಲಸ ಬಲ್ಲವರು ಹತ್ತಿರದಲ್ಲಿ ಬೇರೆ ಯಾರೂ ಇರಲಿಲ್ಲ.

"ತಪ್ಪಾಯ್ತು ಮೇಡಂ, ಹೊಟ್ಟೆಗೆ ಹಾಕ್ಕೊಳ್ಳಿ. ನಿಮ್ಮ ವಿಳಾಸ ಅಳಿಸಿಬಿಟ್ಟಿದೀನಿ" ಎಂದಳು ಅಕ್ಕ.

"ನಿಮ್ಮ ಹತ್ರ ಇದ್ದಿದ್ದು ಅಳಿಸಿದ್ರಿ. ಬೇರೆಯವರ ಹತ್ರ ಹೋಗಿದ್ದು?"

ಟೀಚರ್ ಮೆಲ್ಲಗೆ ಉಳಿದದ್ದನ್ನು ಹೇಳಿದರು. ಅವರದು ಶಾಲೆಯ ಇಮೇಲ್, ವಿಳಾಸದಲ್ಲೇ ಹೆಸರಿತ್ತು. ಅದೇ ಸಾಲಿನಲ್ಲಿ ಅವರ ತರಗತಿಯ ಹುಡುಗನೊಬ್ಬನ ತಾಯಿಯೂ ಇದ್ದರು. ಆ ತಾಯಿ ಒಳ್ಳೆಯವರೇ. ಟೀಚರಿಗೆ ಹುಷಾರಿಲ್ಲ, ತೊಂದರೆ ಕೊಡಬೇಡ ಎಂದು ಮಗನಿಗೆ ಹೇಳಿದ್ದರು. ಮಗ ಗೆಳೆಯರಿಗೆಲ್ಲ ಹೇಳಿದ್ದ.

"ಈಗ ಮಕ್ಕಳು ಗಲಾಟೆನೇ ಮಾಡಲ್ಲ. ಬೋರ್ಡ್ ಕಡೆ ತಿರುಗಿ ಬರೀತಾ ಇದ್ರೂ ಹಿಂದೆ ಒಂದು ಸದ್ದಿಲ್ಲ."

ಅಕ್ಕನಿಗೆ ಕನ್ನಡಿಯಲ್ಲಿ ಆ ಮುಖ ನೋಡಲಾಗಲಿಲ್ಲ. ತಲೆ ತಗ್ಗಿಸಿ ವಿಗ್ಗಿನ ಸಿಕ್ಕು ಬಿಡಿಸುತ್ತ ಕೂತಳು. ಅದರಲ್ಲಿ ಸಿಕ್ಕೇ ಇರಲಿಲ್ಲ.