ಗಂಟಿರುವ ಬಿಲ್ಲು

ಮೊಣಕಾಲಿಗೆ ಒತ್ತಿ ಬಗ್ಗಿಸಿದಾಗಲೆಲ್ಲ ಬಿಲ್ಲಿನೊಳಗೆ ಟಿಕ್ ಎನ್ನುವ ಸದ್ದು. ಮಾದಿರ್ ಕೈ ತಡೆದು ಕಿವಿಗೊಟ್ಟ. ಹಿಡಿಕೆಯಿಂದ ಒಂದು ಗೇಣು ಮೇಲೆ, ಲಾರ್ಚ್ ಮರದ ಕೆಂಪು ಎಳೆಗಳ ನಡುವೆ, ಉಗುರಿನಷ್ಟು ಗಂಟು. ಬೇರೆ ವರ್ಷವಾಗಿದ್ದರೆ ಅದನ್ನು ಒಲೆಗೆ ಹಾಕಿ ಇನ್ನೊಂದು ಮರ ಕಡಿಯುತ್ತಿದ್ದ. ಆದರೆ ಹಸಿಮರ ಒಣಗಲು ಒಂದು ಬೇಸಗೆ ಬೇಕು. ಅಜ್ಜ ಇನ್ನೂ ಮಲಗದೆ ಓಡಾಡುತ್ತಿದ್ದ.

ಅಜ್ಜ ಎಂದರೆ ಕರಡಿ. ಹೆಸರು ಹಿಡಿದರೆ ಕೇಳಿಸಿಕೊಳ್ಳುತ್ತದೆ. ಚಳಿಗಾಲವಿಡೀ ಮಲಗಬೇಕಾದದ್ದು ಈ ಸಲ ಮಲಗಿಲ್ಲ; ಡೇರೆಯ ಹಿಂದೆ ಕಟ್ಟಿದ್ದ ಹಿಮಸಾರಂಗವನ್ನು ಹರಿದು ಅರ್ಧ ತಿಂದು ಹೋಗಿತ್ತು. ಬಂದೂಕಿಗೆ ಮದ್ದಿಲ್ಲ. ಉಳಿದದ್ದು ಅಪ್ಪಂದಿರ ಕಾಲದ ಉಪಾಯ: ದಾರಿಯ ಪಕ್ಕದ ಮರಕ್ಕೆ ಕಟ್ಟಿ, ಹೆದೆ ಎಳೆದು ನಿಲ್ಲಿಸುವ ಬಿಲ್ಲು. ಅಡ್ಡ ಬಿಗಿದ ಕುದುರೆಕೂದಲ ದಾರ ಎದೆಗೆ ತಗುಲಿ ಜಗ್ಗಿದರೆ ಸಾಕು, ಬಾಣ ತಾನೇ ಹಾರುತ್ತದೆ.

ಈ ಸದ್ದಿಗೆ ನಿದ್ದೆ ಹತ್ತುವುದಿಲ್ಲ ಎಂದು ಹೆಂಡತಿ ಚಿಂಚಿ ದೂರಿದಳು. “ಥೇಟ್ ನಿನ್ನವ್ವನೇ ಇದು. ಹೊಡೆಯೋಕೆ ಮುಂಚೆ ಗೊಣಗುತ್ತೆ.”

ಚಹಾಕ್ಕೆ ಉಪ್ಪು ಹಾಕುತ್ತಿದ್ದ ಮುದುಕಿಗೆ ಕಣ್ಣು ಮಂಜು, ಕಿವಿ ಚುರುಕು. “ನಾನು ಗೊಣಗೋದಕ್ಕೇ ನೀನಿನ್ನೂ ಹೊಡೆತ ತಿಂದಿಲ್ಲ ಕಣೇ,” ಎಂದಳು.

ಬೆಳಿಗ್ಗೆ ಚಿಂಚಿ ಹೊಳೆಯಾಚೆಯ ಅಕ್ಕನ ಡೇರೆಗೆ ಹೊರಟಳು, ಒಂದು ಹಿಡಿ ಮದ್ದು ಸಿಕ್ಕೀತೇ ಎಂದು ಕೇಳಲು. ಕತ್ತಲಾಗುವ ಮೊದಲು ಬರುತ್ತೇನೆ ಎಂದಳು. ಅವಳು ಹೋದ ಮೇಲೆ ಮಾದಿರ್ ಗಂಟಿನ ಮೇಲೆ ಹಿಮಸಾರಂಗದ ಒಣನರ ಬಿಗಿಯಾಗಿ ಸುತ್ತಿ, ಕರಡಿಯ ಹೆಜ್ಜೆ ಕಂಡಿದ್ದ ದಿಬ್ಬದ ದಾರಿಯಲ್ಲಿ ಬಿಲ್ಲು ಕಟ್ಟಿದ. ದಾರವನ್ನು ತನ್ನ ಸೊಂಟಪಟ್ಟಿಯ ಎತ್ತರಕ್ಕೆ ಬಿಗಿದ. ದಾರಿಯ ಎರಡೂ ತುದಿಗೆ, ಡೇರೆಯ ಕಡೆಗೂ ಹೊಳೆದಂಡೆಯ ದೊಡ್ಡ ಬಂಡೆಯ ಕಡೆಗೂ, ತೊಗಟೆ ಸುಲಿದು ಮೂರು ಕಚ್ಚು ಹಾಕಿದ ಒಂದೊಂದು ಕೋಲನ್ನು ಎಚ್ಚರಿಕೆಯ ಗುರುತಾಗಿ ಅಡ್ಡಕಟ್ಟಿದ. ಅದನ್ನು ಕಂಡವರು ಯಾರೇ ಆಗಲಿ, ಕಾಡೊಳಗೆ ಸುತ್ತಿಕೊಂಡು ಹೋಗುತ್ತಾರೆ. ಚಿಂಚಿಯೂ ಹಾಗೇ ಬರುತ್ತಾಳೆ.

ಮಧ್ಯಾಹ್ನ ಕಳೆದು ಹಿಮ ಬೀಳತೊಡಗಿತು. ಒಲೆಗೆ ಸೌದೆ ಒಟ್ಟಲು ಕೂತವನ ಕೈಗೆ ನುಣುಪಾದ ತುಂಡೊಂದು ಸಿಕ್ಕಿತು. ನೋಡುವ ಮೊದಲೇ ಬೆರಳಿಗೆ ಗೊತ್ತಾಯಿತು. ಮೂರು ಕಚ್ಚು. ಇನ್ನರ್ಧ ಒಲೆಯಲ್ಲಿ ಉರಿಯುತ್ತಿತ್ತು.

ಎಲ್ಲಿಯದು ಎಂದು ಕೇಳಿದ.

“ಕೆಳದಾರೀಲಿ ನೀರಿಗೆ ಹೋದಾಗ ಹೊಳೆದಂಡೇಲಿ ಬಿದ್ದಿತ್ತು ಮಗಾ, ದೊಡ್ಡ ಬಂಡೆ ಹತ್ರ. ಒಣಗಿದೆ ಅಂತ ತಂದೆ.” ಅವನು ತುಂಡನ್ನು ಬಿಸುಟು ಎದ್ದ. ಮುದುಕಿಯ ಕೈಯಲ್ಲಿದ್ದ ಸೌಟು ನಿಂತುಹೋಯಿತು.

ಚಿಂಚಿ ಬರುವುದು ಆ ಬಂಡೆಯ ಕಡೆಯಿಂದಲೇ.

ಅವನು ಓಡಿದ. ಕೂಗಿದ. ಬೀಳುವ ಹಿಮ ಕೂಗನ್ನು ನುಂಗಿತು. ತನ್ನ ಸೊಂಟದ ಎತ್ತರ. ಅವಳಿಗೆ ಅದು ಪಕ್ಕೆಲುಬು. ಕರಡಿಯ ದಪ್ಪ ತೊಗಲಿಗೆಂದೇ ಬಿಲ್ಲನ್ನು ಅಷ್ಟು ಬಿರುಸಾಗಿ ಕೆತ್ತಿದ್ದ. ಬಾಣದ ಮೊನೆಯನ್ನು ಎರಡು ಸಲ ಮಸೆದಿದ್ದ.

ಕಟ್ಟಿದ ಜಾಗದಲ್ಲಿ ಬಿಲ್ಲೂ ಕಾಣದು, ದಾರವೂ ಕಾಣದು, ಎಲ್ಲ ಬಿಳಿ. ಆ ಬಿಳಿಯ ಆಚೆಗೆ ಚಿಂಚಿ ನಿಂತಿದ್ದಳು. ಅಲ್ಲಾಡುತ್ತಿರಲಿಲ್ಲ.

“ಬರಬೇಡ,” ಎಂದಳು, ತುಟಿಯನ್ನಷ್ಟೇ ಅಲುಗಿಸಿ. “ಇಲ್ಲೇ ಎಲ್ಲೋ ಆ ಬಿಲ್ಲಿದೆ. ಗೊಣಗಿದ್ದು ಕೇಳಿಸ್ತು.”

ಟಿಕ್.

ಆಗ ಅವನಿಗೆ ದಾರ ಕಂಡಿತು. ಅವಳ ತೊಗಲಂಗಿಯ ಎದೆಗೆ ಒತ್ತಿ, ಒಳಕ್ಕೆ ಗೆರೆ ಮಾಡಿತ್ತು.

“ಒಂದು ಹೆಜ್ಜೆ ಹಿಂದಕ್ಕೆ,” ಎಂದ. “ಮೆಲ್ಲಗೆ. ಹಾಂ. ಈಗ ಮಲಕ್ಕೊ.”

ಅವಳು ಹಿಮದಲ್ಲಿ ಬೋರಲು ಮಲಗಿದಳು. ಟಿಕ್, ಟಿಕ್, ಆಮೇಲೆ ಮೂಳೆ ಮುರಿದಂಥ ಒಂದೇ ಸಿಡಿತ. ಬಾಣ ಅವಳ ಮೇಲಿಂದ ಓರೆಯಾಗಿ ಹಾರಿ ಪೊದೆಯಲ್ಲಿ ಹೂತಿತು. ಬಿಲ್ಲು ಗಂಟಿನಲ್ಲೇ ತುಂಡಾಗಿ, ಸುತ್ತಿದ ನರಕ್ಕೆ ಜೋತುಬಿದ್ದಿತ್ತು.

ಅವಳನ್ನು ಎಬ್ಬಿಸಿ ಹಿಮ ಕೊಡವಿದ. ಅಕ್ಕನ ಹತ್ತಿರವೂ ಮದ್ದಿರಲಿಲ್ಲವಂತೆ. ಅವಳು ನಡೆದುಬಂದ ಹೆಜ್ಜೆಗಳಲ್ಲಿ ಆಗಲೇ ಹಿಮ ತುಂಬಿತ್ತು. ಅವುಗಳ ಪಕ್ಕದಲ್ಲೇ ಇನ್ನೊಂದು ಸಾಲು. ಅಗಲವಾದವು, ಉಗುರಿನ ಗುರುತಿದ್ದವು, ಇನ್ನೂ ತುಂಬಿರಲಿಲ್ಲ. ಸಿಡಿತಕ್ಕೆ ಬೆಚ್ಚಿದಂತೆ ಅಲ್ಲಿಂದ ತಿರುಗಿ ಮರಗಳೊಳಗೆ ಹೋಗಿದ್ದವು.

ಅವಳೂ ನೋಡಿದಳು. ಅವನ ತೋಳು ಹಿಡಿದು, ಕಿವಿಯ ಹತ್ತಿರ ಬಾಯಿ ತಂದು ಪಿಸುಗುಟ್ಟಿದಳು. “ಇನ್ನೊಂದು ಕೆತ್ತು. ಗಂಟಿರೋ ಮರವೇ ಆಗಲಿ.”

ಮುರಿದ ಬಿಲ್ಲನ್ನು ಮರದಲ್ಲೇ ಬಿಟ್ಟು ಇಬ್ಬರೂ ಡೇರೆಯ ಕಡೆ ನಡೆದರು. ಮಾತಾಡಲಿಲ್ಲ, ಓಡಲಿಲ್ಲ.