ಹಸಿರು ಅಂಕಿಗಳು

ಅಳಿಯ ವಿಜಯಕುಮಾರ್ ಗುಂಡಿ ಒತ್ತಿದ. ಕಪ್ಪು ಪೆಟ್ಟಿಗೆಯ ಟ್ರೇ ಮೆಲ್ಲಗೆ ಹೊರಬಂತು. ವಚನಗಳ ಸಿ.ಡಿ. ಅದರಲ್ಲೇ ಇತ್ತು.

"ಮಾವ ಕಡೇಲಿ ಕೇಳಿದ್ದು ಇದೇ ಇರ್ಬೇಕು. ಹಾಕ್ಲಾ?"

ಸ್ಫೂರ್ತಿ ತಲೆಯಾಡಿಸಿದಳು. ಜನ್ನಾಪುರದ ಮನೆಯ ನಡುಮನೆಯಲ್ಲಿ ಅವಳ ಅಪ್ಪ ಮುರುಗೇಶಪ್ಪನವರ ಶವಕ್ಕೆ ವಿಭೂತಿ ಬಳಿದು, ಗೋಡೆಗೆ ಒರಗಿಸಿ ಕೂರಿಸಿದ್ದರು. ಆಲ್ಕೊಳದಿಂದ ಮೊದಲ ಬಸ್ಸಿಗೆ ಬಂದವಳಿಗೆ ಅಳುವುದಕ್ಕೂ ತ್ರಾಣವಿರಲಿಲ್ಲ.

ಹಾಡು ಶುರುವಾಯಿತು. ಕಾರ್ಖಾನೆಯಲ್ಲಿ ಜೊತೆಗಿದ್ದ ರಾಮಚಂದ್ರಪ್ಪ, "ಸಂಗೀತದ ಹುಚ್ಚು ಮಾರಾಯ ಇವನಿಗೆ. ದಿನಾ ಸಂಜೆ ಇದರ ಮುಂದೇನೇ," ಎಂದರು.

ಸುಭದ್ರಮ್ಮ ಗಂಡನ ಶಲ್ಯ ಸರಿಪಡಿಸುತ್ತ, "ಅವರಿಗೆ ಕೇಳ್ತಿರ್ಲಿಲ್ಲ," ಎಂದರು.

"ಸ್ವಲ್ಪ ಮಂದ ಅಂತ ಗೊತ್ತಿತ್ತು, ಅತ್ತಿಗೆ..."

"ಮಂದ ಅಲ್ಲ. ಏನೂ ಕೇಳ್ತಿರ್ಲಿಲ್ಲ. ಒಂಬತ್ತು ವರ್ಷ ಆಯ್ತು."

*

ಪ್ಲೇಯರನ್ನು ಮುರುಗೇಶಪ್ಪ ತೊಂಬತ್ತಾರರಲ್ಲಿ ಶಿವಮೊಗ್ಗದಿಂದ ತಂದಿದ್ದರು. ಯಂತ್ರಗಳ ಸದ್ದಿನಲ್ಲಿ ಇಪ್ಪತ್ತೈದು ವರ್ಷ ನಿಂತು ಅವರ ಕಿವಿ ಅಷ್ಟರಲ್ಲೇ ಹೋಗಿತ್ತು. ಗೊತ್ತಾದರೆ ಕೆಲಸದಿಂದ ತೆಗೆದಾರೆಂದು ಹೆಂಡತಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಏನಾದರೂ ಹೇಳಬೇಕಾದಾಗ ಸುಭದ್ರಮ್ಮ ಅವರ ಗಲ್ಲ ಹಿಡಿದು ತಮ್ಮ ಕಡೆ ತಿರುಗಿಸಿಕೊಂಡು, ತುಟಿಯಲ್ಲಿ ಬಿಡಿಸಿ ಹೇಳುತ್ತಿದ್ದರು.

"ನೀನಾದ್ರೂ ಕೇಳು," ಎಂದು ಹೆಂಡತಿಯ ಮುಂದೆ ಇಟ್ಟರು.

ಬೆರಳು ಸೋಕಿದರೆ ಒಳಸರಿಯುವ ಟ್ರೇ, ಸಾಲಾಗಿ ಪುಟ್ಟ ಗುಂಡಿಗಳು. ಮುಂದಿನ ಗಾಜಿನ ಹಿಂದೆ ಹಸಿರು ಅಂಕಿಗಳು ಹೊಳೆಯುತ್ತಿದ್ದವು: ಎಷ್ಟನೇ ಹಾಡು, ಎಷ್ಟು ನಿಮಿಷ. ಸುಭದ್ರಮ್ಮ ಒಂದೊಂದು ಹಾಡನ್ನೂ ಕೇಳಿ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದು ನಂಬರ್ ಹಾಕಿಕೊಟ್ಟರು. ಅಂಕಿ ಬದಲಾದಾಗ ಮುರುಗೇಶಪ್ಪ ಪುಟ ತಿರುವುತ್ತಿದ್ದರು. ಐದನೆಯದಕ್ಕೆ ಕಣ್ಣು ಮುಚ್ಚಿ ಕೂರುತ್ತಿದ್ದರು.

"ಚೆನ್ನಾಗಿ ಹಾಡ್ತಾನೆ ಅಲ್ವಾ?" ಎಂದು ಒಮ್ಮೆ ಕೇಳಿದ್ದರು.

ಸುಭದ್ರಮ್ಮ ಹೌದೆಂದು ತಲೆಯಾಡಿಸಿದ್ದರು. ಹಾಡುತ್ತಿದ್ದುದು ಒಬ್ಬ ಹೆಂಗಸು.

*

"ನನಗ್ಯಾಕೆ ಹೇಳ್ಲಿಲ್ಲಮ್ಮ?" ಎಂದಳು ಸ್ಫೂರ್ತಿ.

"ಆಗ ನಿನ್ನ ಮದುವೆ ಮಾಡ್ಬೇಕಿತ್ತು. ಆಮೇಲೆ ಅವರು ರಿಟೈರ್ ಆದ್ರು. ಆಮೇಲೆ ಹೇಳಿ ಏನಾಗ್ಬೇಕಿತ್ತು?"

ರಾಮಚಂದ್ರಪ್ಪ ಗೆಳೆಯನ ಹತ್ತಿರ ಸರಿದು ಕೂತರು. "ನನ್ನ ಮಗ ಸತ್ತಾಗ ಇವನ ಹತ್ರಾನೇ ಎಲ್ಲ ಹೇಳ್ಕೊಂಡಿದ್ದು. ಕೈ ಹಿಡ್ಕೊಂಡು ಕೂತಿದ್ದ."

"ಅವತ್ತು ರಾತ್ರಿ ಊಟ ಮಾಡ್ಲಿಲ್ಲ," ಎಂದರು ಸುಭದ್ರಮ್ಮ.

ಮಧ್ಯಾಹ್ನ ಮಣ್ಣು ಮಾಡಿ ಬಂದರು. ನೆಂಟರು ಒಬ್ಬೊಬ್ಬರಾಗಿ ಹೊರಟರು. ಸುಭದ್ರಮ್ಮ ಹಿತ್ತಿಲ ಕಡೆ ನಿಂತಿದ್ದರು.

"ಅಮ್ಮ, ಒಂಚೂರು ಗಂಜಿ ಕುಡೀತೀಯಾ?" ಸ್ಫೂರ್ತಿ ಒಲೆಯ ಮುಂದಿನಿಂದ ಕೂಗಿದಳು.

ಸುಭದ್ರಮ್ಮ ಕಾಲೆಳೆಯುತ್ತ ಒಳಗೆ ಬಂದರು. ಮಗಳ ಗಲ್ಲ ಹಿಡಿದು ಮುಖವನ್ನು ತಮ್ಮ ಕಡೆ ತಿರುಗಿಸಿಕೊಂಡು, ಒಂದೊಂದೇ ಅಕ್ಷರವನ್ನು ತುಟಿಯಲ್ಲಿ ಬಿಡಿಸಿ ಹೇಳಿದರು: "ಆ...ಮೇ...ಲೆ."