ಚೆಂಬೂರಿನ ನಾಗಬನ

ಪೂವಪ್ಪ ಜನ್ಮದಲ್ಲಿ ಹೇಳಿದ ದೊಡ್ಡ ಸುಳ್ಳು ಒಂದೇ ಒಂದು. ಅದನ್ನೂ ಹೋಗಿ ಹೋಗಿ ನಾಗನ ಹೆಸರಲ್ಲಿ ಹೇಳಿದ, ಪುಣ್ಯಾತ್ಮ!

ಐವತ್ತನಾಲ್ಕನೆಯ ಇಸವಿ. ಚೆಂಬೂರಿನಾಚೆ, ಸಮುದ್ರ ಒಳನುಗ್ಗಿದ ಖಾಡಿಯ ದಂಡೆಯುದ್ದಕ್ಕೂ ಕಾರ್ಖಾನೆಗಳು ಏಳುತ್ತಿದ್ದವು. ಜಾಗ ಸಮ ಮಾಡಿಕೊಡುವ ಗುತ್ತಿಗೆ ಒಬ್ಬ ಸೇಠನದು. ಮರ ಕಡಿಯುವ ಆಳುಗಳ ಮುಕಾದಮ ಉಡುಪಿ ಕಡೆಯ ಪೂವಪ್ಪ. ಅವನಿದ್ದ ಚಾಳಿನ ಒಂದು ಕೋಣೆಯ ಖೋಲಿಯೂ ಸೇಠನದೇ. ಚಾಳಿನ ಹಿಂದೆ ಆಲ, ಅತ್ತಿ, ಹೊಂಗೆಗಳ ತೋಪು, ತೋಪಿನ ನಡುವೆ ಬಾವಿ. ಉಪ್ಪುನೀರಿನ ಖಾಡಿ ಕೂಗಳತೆಯಲ್ಲಿದ್ದರೂ ಬಾವಿಯ ನೀರು ಎಳನೀರಿನಷ್ಟು ಸಿಹಿ. ಇಪ್ಪತ್ತು ಮನೆಯವರು ಕುಡಿಯುತ್ತಿದ್ದುದು ಅದನ್ನೇ.

ಒಂದು ಶನಿವಾರ ಸೇಠ ತೋಪಿನತ್ತ ಕೈ ತೋರಿಸಿ, "ಸೋಮ್ವಾರ್ ಸೇ ಯೇ ಸಬ್ ಸಾಫ್" ಎಂದ. ಸೋಮವಾರದಿಂದ ತೋಪು ಬಟಾಬಯಲಾಗಬೇಕು.

ಪಕ್ಕದ ಖೋಲಿಯ ನಂಜುಂಡ ಮೈಸೂರಿನವ, ಗುಮಾಸ್ತ, ಓದುವ ಹುಚ್ಚಿನವ. ಸುದ್ದಿ ಕೇಳಿ ಕನ್ನಡಕ ತೆಗೆದ. "ಇದೇನು ಸಣ್ಣ ವಿಷಯ ಅಂದ್ಕೊಂಡ್ರಾ ಪೂವಪ್ಪನೋರೆ? ಸಾವಿರಾರು ವರ್ಷದ ಹಿಂದೆ ಪರದೇಶದಲ್ಲಿ ಎರಡು ನದಿ ನಡುವೆ ದೊಡ್ಡ ದೊಡ್ಡ ಊರು ಕಟ್ಟಿ ಮೆರೆದೋರಿದ್ರು. ಕಾಡು ಕಡಿದ್ರು, ನೆಲಾನ ಹಿಂಡಿದ್ರು. ಮಣ್ಣೊಳಗಿನ ಉಪ್ಪು ಮೇಲಕ್ಕೆ ಬಂತು. ಗೋಧಿ ಹೋಯ್ತು, ಊರೂ ಹೋಯ್ತು. ಈಗ ಬರೀ ಮಣ್ಣಿನ ದಿಬ್ಬ."

"ನಮ್ಮ ಬಾವಿಗೂ ಉಪ್ಪು ಬರ್ತದಾ?"

"ಮರ ಇಲ್ದೆ ಮಳೆನೀರು ನೆಲಕ್ಕೆ ಇಳಿಯೋದು ಹೇಗೆ? ಖಾಡಿ ನೀರು ಒಳಗೆ ನುಗ್ಗತ್ತೆ, ಅಷ್ಟೆ."

ಪೂವಪ್ಪ ಮನಸ್ಸಲ್ಲೇ ಲೆಕ್ಕ ಹಾಕಿದ. ಕಡಿದರೆ ನೀರು ಹೋಗುತ್ತದೆ, ಕಡಿಯದಿದ್ದರೆ ಕೆಲಸವೂ ಖೋಲಿಯೂ ಹೋಗುತ್ತವೆ. ಆಗ ಊರಿನ ನಾಗಬನ ನೆನಪಾಯಿತು. ನಾಗನ ಕಲ್ಲಿರುವ ಬನಕ್ಕೆ ಕತ್ತಿ ಹಿಡಿದು ಹೋಗುವ ಗಂಡಸು ಅವನೂರಲ್ಲಿ ಇನ್ನೂ ಹುಟ್ಟಿಲ್ಲ. ಒಣಗಿ ಬಿದ್ದ ಕಡ್ಡಿಯನ್ನೂ ಅಲ್ಲಿಂದ ಒಲೆಗೆ ತರುವುದಿಲ್ಲ. ಭಾನುವಾರ ಬೆಳಿಗ್ಗೆ ಹೆಂಡತಿ ರಾಜೀವಿ ಮಾಟುಂಗದ ದೇವಸ್ಥಾನಕ್ಕೆ ಹೋದ ಹೊತ್ತು ನೋಡಿ, ಬಾಗಿಲಿಗೆ ಅಡ್ಡ ಇಡುತ್ತಿದ್ದ, ಅಂಚು ಮುಕ್ಕಾದ ಹಳೆಯ ಮಸಾಲೆ ಕಡೆಯುವ ಕಲ್ಲಿನ ಗುಂಡನ್ನು ಹೊತ್ತೊಯ್ದ. ಆಲದ ಬುಡದಲ್ಲಿ ಅರ್ಧ ಹೂತು, ಮುಕ್ಕು ಮುಚ್ಚುವಂತೆ ದಪ್ಪಗೆ ಅರಸಿನ ಬಳಿದ. "ತಪ್ಪಾಯ್ತು ದೇವರೇ" ಎಂದು ಕೆನ್ನೆ ಬಡಿದುಕೊಂಡ. ರಾಜೀವಿ ಎರಡು ದಿನ ಕಲ್ಲು ಹುಡುಕಿ, ಕದ್ದವರಿಗೆ ಶಾಪ ಹಾಕಿ ಸುಮ್ಮನಾದಳು.

ಸೋಮವಾರ ಆಳುಗಳು ಕಲ್ಲು ಕಂಡರು, ಇದು ನಾಗನ ಕಲ್ಲು ಎಂದು ಪೂವಪ್ಪ ಹೇಳಿದ್ದೇ ಕೊಡಲಿ ಕೆಳಗಿಟ್ಟರು. ಸೇಠ ಓಡಿಬಂದು, ಚಪ್ಪಲಿ ಬಿಟ್ಟು ಅಡ್ಡಬಿದ್ದ. ಗೆದ್ದೆ ಎಂದುಕೊಂಡ ಪೂವಪ್ಪ. ಗೆಲುವಂತೆ, ಮಣ್ಣಾಂಗಟ್ಟಿ! ಸೇಠ ಎದ್ದು ಕಣ್ಣೊರೆಸಿಕೊಂಡು, ಇಷ್ಟು ದೊಡ್ಡ ದೇವರು ಪೊದೆಯಲ್ಲಿರುವುದೇ, ಛೆ, ಎಂದ. ಸುತ್ತಲಿನದನ್ನೆಲ್ಲ ತೆಗೆಯಿರಿ, ನೆಲಕ್ಕೆ ಸಿಮೆಂಟು ಹಾಕಿ, ಗೋಡೆಗೆ ಟೈಲ್ಸ್ ಹಚ್ಚಿ ಗುಡಿ ಕಟ್ಟಿ ಎಂದು ಅಲ್ಲೇ ಅಪ್ಪಣೆಯಾಯಿತು.

ನಮ್ಮಲ್ಲಿ ಬನದ ಮರ ಕಡಿಯುವುದಿಲ್ಲ ಎಂದು ಪೂವಪ್ಪ ತನ್ನ ಮುರುಕು ಹಿಂದಿಯಲ್ಲಿ ಗೋಗರೆದ. ನಿಮ್ಮಲ್ಲಿ ದೇವರನ್ನು ಕಾಡಲ್ಲಿ ಬಿಡುತ್ತೀರಿ, ನಾವು ಬಿಡುವುದಿಲ್ಲ ಎಂದು ಸೇಠ ಗದರಿದ. ಆಲ ಉರುಳಲು ನಾಲ್ಕು ದಿನ ಹಿಡಿಯಿತು. ಮುಂದೆ ನಿಂತು ಕಡಿಸಿದವನು ಪೂವಪ್ಪನೇ. ನಾಗನ ಕಟ್ಟಳೆ ಬಲ್ಲವನು ನೀನೊಬ್ಬನೇ ಎಂದು ಗುಡಿಯ ಪೂಜೆಯನ್ನೂ ಸೇಠ ಅವನ ತಲೆಗೇ ಕಟ್ಟಿದ.

ಮರುವರ್ಷದ ಬೇಸಿಗೆಗೆ ಬಾವಿ ಉಪ್ಪಾಯಿತು. ಅನ್ನ ಉಪ್ಪು, ಚಹಾ ಉಪ್ಪು. ಚಾಳಿನ ಹೆಂಗಸರು ಹರಕೆ ಹೊತ್ತರು: ನಲವತ್ತೆಂಟು ದಿನ ಆ ಬಾವಿಯ ನೀರಿನಿಂದಲೇ ನಾಗನಿಗೆ ಅಭಿಷೇಕ ಮಾಡಿಸುವುದು, ನೀರು ಸಿಹಿಯಾಗಲಿ ಎಂದು. ಮೊದಲ ದಿನ ಕೊಡ ಹಿಡಿದು ಎಲ್ಲರಿಗಿಂತ ಮುಂದೆ ನಿಂತವಳು ರಾಜೀವಿ. ಪೂವಪ್ಪ ಕೊಡ ತೆಗೆದುಕೊಂಡು ಕಲ್ಲಿನ ಮೇಲೆ ಸುರಿಯತೊಡಗಿದ.

ಅವಳ ಕೊಡ ಬರಿದಾಗುವಷ್ಟರಲ್ಲಿ ಅರಸಿನ ತೊಳೆದುಹೋಗಿ ಮುಕ್ಕಾದ ಅಂಚು ಕಂಡಿತು. ರಾಜೀವಿ ಬಗ್ಗಿ ನೋಡಿದಳು. ಆಮೇಲೆ ಗಂಡನ ಮುಖ ನೋಡಿದಳು.

"ಇದು ನಮ್ಮ..." ಎಂದವಳು ಹಿಂದಿದ್ದ ಹೆಂಗಸರ ನೆನಪಾಗಿ ತುಟಿ ಕಚ್ಚಿದಳು. ಹತ್ತಿರ ಬಂದು ಪಿಸುಗುಟ್ಟಿದಳು: "ದಮ್ಮಯ್ಯ, ಈಗಲೇ ಹೇಳಿಬಿಡಿ ಮಾರಾಯ್ರೆ."

"ಎಂತ ಹೇಳುದು? ನೀರು ಹೇಗೂ ಹೋಯ್ತು. ದೇವರೂ ಇಲ್ಲ ಅಂದ್ರೆ ಇವರು ನಾಳೆ ಎಂತದನ್ನು ನಂಬಿ ಏಳುದು?"

ರಾಜೀವಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಬಟ್ಟಲಿನಿಂದ ಅರಸಿನ ತೆಗೆದು ಮುಕ್ಕಾದ ಜಾಗಕ್ಕೆ ದಪ್ಪಗೆ ಮೆತ್ತಿ, ಹಿಂದಿನವಳಿಗೆ ದಾರಿ ಬಿಟ್ಟಳು. ಪೂವಪ್ಪ ಮುಂದಿನ ಕೊಡಕ್ಕೆ ಕೈ ಚಾಚಿದ. ಹರಕೆ ಮುಗಿಯಲು ಇನ್ನೂ ನಲವತ್ತೇಳು ದಿನ ಇತ್ತು.